ಪಂಪಮ್ಮನ ಬೆನ್ನು, ತಿಪ್ಪೇಶನ ಟೈರು

ಸಂಡೂರಿನಿಂದ ಫೋನು ಬಂದಾಗ ಹೊಸಪೇಟೆಯ ಚಿತ್ತವಾಡಗಿಯಲ್ಲಿ ಉಜ್ಜಿನಪ್ಪನ ಮನೆಯವರೆಲ್ಲ ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದರು. ಭಾನುವಾರ. ಸೊಸೆ ಶೈಲಜಾ ಎರಡನೆಯ ಸಲದ ಮಿರ್ಚಿ ತಂದಿಡುತ್ತಿದ್ದಳು. ಮೊಮ್ಮಗಳು ಸ್ಫೂರ್ತಿ ಎಣ್ಣೆಗೈಯಲ್ಲೇ ಫೋನು ಎತ್ತಿ, ಸ್ಪೀಕರ್ ಹಾಕಿ ಅಜ್ಜಿ ಪಂಪಮ್ಮನ ಮಂಚದ ಮೇಲಿಟ್ಟಳು.

"ಪಂಪೀ, ಯಾವಾಗ ಬರ್ತೀಯೇ?"

ಪಂಪಮ್ಮನ ಅಕ್ಕ ತಾಯಕ್ಕ. ಪಂಪಮ್ಮನಿಗಿಂತ ಏಳು ವರ್ಷ ದೊಡ್ಡವಳು.

"ಬರ್ತೀನಕ್ಕಾ. ಬೆನ್ನು ಸ್ವಲ್ಪ ಆರಾಮ ಆಗ್ಲಿ."

"ಬೆನ್ನಿಗೆ ಏನಾತು?"

ಹೋದ ಭಾನುವಾರವೂ ಇದನ್ನೇ ಕೇಳಿದ್ದಳು. ಪಂಪಮ್ಮ ಬೇಸರಪಡದೆ ಮೊದಲಿನಿಂದ ಹೇಳಿದಳು. ಎಲ್ಲ ಕೇಳಿಸಿಕೊಂಡ ತಾಯಕ್ಕ, "ಹಂಗಾದ್ರ ಯಾವಾಗ ಬರ್ತಿ?" ಅಂದಳು. ಆಮೇಲೆ ಫೋನು ಅವಳ ಸೊಸೆ ಅನ್ನಪೂರ್ಣಳ ಕೈಗೆ ಹೋಯಿತು.

"ಸಣ್ಣತ್ತಿ, ಊಟ ಆತೇನ್ರಿ?" ಎಂದು ಕೇಳಿದವಳು ದನಿ ತಗ್ಗಿಸಿದಳು. "ನಿನ್ನೆ ಅತ್ತಿ ನಮ್ಮ ಮನಿಯವರ್ನ 'ನೀ ಯಾರಪ್ಪಾ' ಅಂತ ಕೇಳಿದ್ರು. ಹೆತ್ತ ಮಗನ್ನ! ನೀವು ಜಲ್ದಿ ಒಮ್ಮೆ ಬಂದು ಹೋಗ್ರಿ. ಅತ್ತೀನ ಅಲ್ಲಿಗೇ ಕರಕೊಂಡು ಬರಾಣಂದ್ರ, ಓಣಿ ದಾಟಿದ್ರ ಅಂಜಿ ಅಳಾಕ ಹತ್ತತಾರ."

ಫೋನು ಇಟ್ಟ ಮೇಲೆ ಪಂಪಮ್ಮ ಸೊಂಟಕ್ಕೆ ಬಿಗಿದಿದ್ದ ಪಟ್ಟಿಯನ್ನು ಸರಿಮಾಡಿಕೊಂಡು ಮಂಡಕ್ಕಿ ತಟ್ಟೆಯನ್ನು ದೂರ ಸರಿಸಿದಳು.

ಸಂಡೂರು ದೂರವೇನಲ್ಲ, ಗಾಡಿಯಲ್ಲಿ ಒಂದು ಗಂಟೆ. ಆದರೆ ಏಪ್ರಿಲ್‌ನಲ್ಲಿ ಕಂಪ್ಲಿಗೆ ಮದುವೆಗೆ ಹೋಗುವಾಗ ಮಗ ತಿಪ್ಪೇಶನ ಗಾಡಿ ಒಂದು ರೋಡ್ ಹಂಪಿನ ಮೇಲೆ ಜೋರಾಗಿ ಎಗರಿ ಬಿದ್ದಿತ್ತು. ಹಿಂದಿನ ಸೀಟಿನಲ್ಲಿದ್ದ ಪಂಪಮ್ಮ "ಯವ್ವಾ" ಎಂದವಳು ಮತ್ತೆ ನೆಟ್ಟಗೆ ಕೂಡಲಿಲ್ಲ. ಎಲುಬು ಸವೆದಿತ್ತು, ಬೆನ್ನುಮೂಳೆಯ ಒಂದು ಮಣಿ ಕುಸಿದಿದೆ ಎಂದರು ಡಾಕ್ಟರು. ಮೂರು ತಿಂಗಳು ಮಲಗಿದ್ದಳು. ಈಗ ಮನೆಯೊಳಗೆ ಓಡಾಡುತ್ತಾಳೆ. ಡಾಕ್ಟರು ಹೊರಗೆ ಹೋಗಬಾರದೆಂದು ಹೇಳಿಲ್ಲ. ಕುಲುಕಾಟ ಆಗಬಾರದು ಎಂದಿದ್ದಾರೆ. ಆಗಸ್ಟ್‌ನಲ್ಲಿ ಅದೇ ಗಾಡಿಯಲ್ಲಿ ಆಸ್ಪತ್ರೆಗೆ ಹೋಗಿ ಬಂದದ್ದಕ್ಕೇ ಎರಡು ದಿನ ಹಾಸಿಗೆ ಹಿಡಿದಿದ್ದಳು.

ಗಾಡಿ ತಿಪ್ಪೇಶನ ಪ್ರೀತಿಯದು. ಬಸ್‌ಸ್ಟ್ಯಾಂಡಿನ ಹತ್ತಿರ ಪೈಪು, ಮೋಟರಿನ ಅಂಗಡಿ ಇಟ್ಟು ಇಪ್ಪತ್ತು ವರ್ಷ ಬೈಕಿನಲ್ಲೇ ಓಡಾಡಿದವನು ಅವನು. ಎರಡು ವರ್ಷದ ಹಿಂದೆ ಎತ್ತರದ ಬಿಳಿ ಎಸ್‌ಯುವಿ ಕೊಂಡ. ಹಂಪಿಗೆ ಬರುವ ಹೊರಗಿನವರ ಗಾಡಿಗಳನ್ನು ನೋಡಿ ನೋಡಿ, ಕಂಪನಿಯ ಚಕ್ರ ಬಿಚ್ಚಿಸಿ ಹತ್ತೊಂಬತ್ತು ಇಂಚಿನ ಕಪ್ಪು ಅಲಾಯ್ ಹಾಕಿಸಿದ. ಅದರ ಮೇಲೆ ತೆಳುವಾದ ಟೈರು. ನೋಡಲು ಮಸ್ತ್ ಇತ್ತು. ಕಂಪನಿಯ ಚಕ್ರಗಳು ಮಾಳಿಗೆ ಸೇರಿದವು. ಒಂದರ ಮೇಲೆ ಶೈಲಜಾ ನೀರಿನ ಡ್ರಮ್ಮು ಇಟ್ಟಿದ್ದಳು.

"ಬಾಡಿಗಿ ಕಾರು ಹೇಳಿದ್ರಾತು," ಎಂದಳು ಶೈಲಜಾ.

"ನನ್ನ ಗಾಡಿ ಬಾಗಲಾಗ ನಿಲ್ಲಿಸಿ ಅವ್ವನ್ನ ಬಾಡಿಗಿ ಗಾಡ್ಯಾಗ ಕಳಿಸ್ಲೇನು?" ತಿಪ್ಪೇಶ್ ಕೈ ಒರೆಸಿಕೊಂಡ. "ಇನ್ನೂ ದೊಡ್ಡ ಟೈರು ಹಾಕಿಸ್ತೀನಿ. ಇಪ್ಪತ್ತಿಂಚಿನವು ಬಂದಾವ. ಗುಂಡಿ ಬಿದ್ದದ್ದೂ ಗೊತ್ತಾಗಂಗಿಲ್ಲ."

"ಇಪ್ಪತ್ತಿಂಚು ಅಂದ್ರ ಟೈರಲ್ಲಪ್ಪಾ, ಚಕ್ರ," ಎಂದಳು ಸ್ಫೂರ್ತಿ. ಅವಳು ಮೆಕ್ಯಾನಿಕಲ್ ಓದುತ್ತಿದ್ದಳು. "ಚಕ್ರ ದೊಡ್ಡದು ಮಾಡಿದಷ್ಟು ರಬ್ಬರು ತೆಳ್ಳಗಾಗ್ತತಿ."

ಉಜ್ಜಿನಪ್ಪ ಕೈಯಲ್ಲಿದ್ದ ಮಿರ್ಚಿಯನ್ನು ಕೆಳಗಿಟ್ಟ. ಎಪ್ಪತ್ತಾರು ವರ್ಷದ ಅವನು ಟಿ.ಬಿ. ಡ್ಯಾಮಿನ ಕಾಲುವೆ ಆಫೀಸಿನಲ್ಲಿ ಜೀಪಿನ ಡ್ರೈವರ್ ಆಗಿದ್ದವನು. ಏಪ್ರಿಲ್‌ನಿಂದೀಚೆಗೆ ಮಗನ ಗಾಡಿ ಹತ್ತಿರಲಿಲ್ಲ.

"ಹುಡುಗಿಗೆ ತಿಳಿದದ್ದು ನಿನಗ ತಿಳಿವಲ್ದಲ್ಲಲೇ. ಕಬ್ಬಿಣ ಬೆಳಸಿ ರಬ್ಬರ್ ಇಳಿಸಿದ್ರ ಮೆತ್ತಗಾಗ್ತತೇನು?"

"ಇದು ನಿನ್ನ ಕಾಲದ ಜೀಪಲ್ಲಪ್ಪಾ."

"ನನ್ನ ಕಾಲದ ಜೀಪಿನಾಗ ಮೂವತ್ತೊಂದು ವರ್ಷ ಸಾಹೇಬ್ರನ್ನ ಕುಂದ್ರಿಸಿಕೊಂಡು ಕಾಲುವಿ ದಂಡಿ ಮ್ಯಾಲೆ ಅಡ್ಡಾಡೀನಿ. ಒಬ್ಬರ ಬೆನ್ನೂ ಮುರಿದಿಲ್ಲ. ಅಕಿ ಬೆನ್ನು ಮುರದಾಂವ ನೀನು."

ಏಳು ತಿಂಗಳಿಂದ ಆ ಮನೆಯಲ್ಲಿ ಯಾರೂ ಆಡದ ಮಾತು ಅದು. ತಿಪ್ಪೇಶ್ ಎದ್ದು, ಚಪ್ಪಲಿ ಮೆಟ್ಟಿ ಹೊರಗೆ ಹೋದ. ಅವನ ತಟ್ಟೆಯಲ್ಲಿ ಮಂಡಕ್ಕಿ ಅರ್ಧಕ್ಕರ್ಧ ಉಳಿದಿತ್ತು.

ಮರುದಿನದಿಂದ ಅವನ ಮಧ್ಯಾಹ್ನದ ಊಟ ಡಬ್ಬಿಯಲ್ಲಿ ಅಂಗಡಿಗೆ ಹೋಗತೊಡಗಿತು. ಸಂಜೆ ಅಪ್ಪ ಉಂಡು ಎದ್ದ ಮೇಲೆ ಮಗ ಬರುತ್ತಿದ್ದ. ಶೈಲಜಾ ಒಂದೇ ಸಾರನ್ನು ಎರಡೆರಡು ಸಲ ಕಾಯಿಸಿದಳು. ಐದನೆಯ ದಿನ ಅವಳಿಗೂ ಸಾಕಾಯಿತು.

"ಮಾವಾರ, ನೀವು ಒಂದು ಮೂಲಿ, ಅವರೊಂದು ಮೂಲಿ. ನಡುವ ರೊಟ್ಟಿ ಹೊತಗೊಂಡು ತಿರುಗಾಕ ನಾನೇನು ಕಂಡಕ್ಟರ್ರೇನ್ರಿ? ಅತ್ತಿ ಅಲ್ಲಿ ಉಣವಲ್ರು, ಅದನ್ನರ ನೋಡಿರೇನು?"

ಉಜ್ಜಿನಪ್ಪ ಪೇಪರು ಮಡಚಿ ಹೆಂಡತಿಯ ಮಂಚದ ಹತ್ತಿರ ಹೋದ. ಪಂಪಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಉಣ್ಣು ಏಳು. ಮಗನ ಮ್ಯಾಲಿನ ಸಿಟ್ಟು ಅನ್ನದ ಮ್ಯಾಲೆ ಯಾಕ?"

"ಸಿಟ್ಟು ಮಗನ ಮ್ಯಾಲಲ್ಲ, ನಿಮ್ಮ ಮ್ಯಾಲೆ." ಅವಳು ನಿಧಾನವಾಗಿ ಹೊರಳಿದಳು. "ಅವತ್ತು ಮದುವಿ ಅಕ್ಕಿಕಾಳಿನ ಹೊತ್ತು ಮೀರ್ತತಿ, ಜಲ್ದಿ ಹೊಡಿ ಅಂದಾಕಿ ನಾನು. ಎರಡು ಸಲ ಅಂದೀನಿ. ಅವ ಅದನ್ನ ಒಬ್ಬರ ಮುಂದೂ ಹೇಳಿಲ್ಲ. ನಾನೂ ಹೇಳಲಿಲ್ಲ, ಅದು ನನ್ನ ತಪ್ಪು."

"ನೀ ಅಂದ್ರ ಅವ ಹೊಡೀಬೇಕಾ?"

"ಡ್ಯಾಂ ಕ್ವಾರ್ಟರ್ಸಿನಾಗ ಇದ್ದಾಗ ಈ ನಮ್ಮ ಮಗ ತಿಪ್ಪಣ್ಣಗ ಜ್ವರ ನೆತ್ತಿಗೇರಿತ್ತು. ಆಸ್ಪತ್ರಿಗೆ ಸರ್ಕಾರಿ ಜೀಪು ಹೆಂಗ ಹೊಡದ್ರಿ? ಜಲ್ದಿ ಅಂತ ನಾ ಅಂದಿದ್ದಕ್ಕ ಹೌದಿಲ್ಲೋ?"

ಉಜ್ಜಿನಪ್ಪನಿಗೆ ಆ ದಿನ ನೆನಪಿತ್ತು. ಕೂಸನ್ನು ಎದೆಗೆ ಅವಚಿಕೊಂಡು ಪಕ್ಕದಲ್ಲಿ ಕೂತಿದ್ದ ಪಂಪಮ್ಮನ ಹಸಿರು ಸೀರೆ, ರೈಲ್ವೆ ಗೇಟಿನ ಹತ್ತಿರ ಜೀಪು ಎರಡೂ ಕಾಲು ಎತ್ತಿದ ಎತ್ತಿನಂತೆ ಹಾರಿದ್ದು, ಅವಳ ತಲೆ ಮೇಲಿನ ಕಂಬಿಗೆ ತಾಗಿದ್ದು. ಅವಳು ಅವತ್ತು ತಲೆ ಸವರಿಕೊಳ್ಳಲೂ ಇಲ್ಲ.

ಅವನು ಅಡುಗೆಮನೆಗೆ ಹೋಗಿ ತಾನೇ ತಾಟು ಹಿಡಿದು ಬಂದ. ರೊಟ್ಟಿ, ಪುಂಡಿಪಲ್ಯ. ರೊಟ್ಟಿ ಮುರಿದು ಮೊಸರಿನಲ್ಲಿ ನೆನೆಸಿ ಹೆಂಡತಿಯ ಮುಂದಿಟ್ಟ. ಆಮೇಲೆ ಮೊಮ್ಮಗಳನ್ನು ಕರೆದ.

"ಸ್ಫೂರ್ತೀ, ಅಳತಿ ಟೇಪು ಐತೇನು?"

ತಾತ, ಮೊಮ್ಮಗಳು ಇಬ್ಬರೂ ಆ ಸಂಜೆ ಗಾಡಿಯ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಟೈರಿನ ಮೇಲಿನ ಅಂಕಿಗಳನ್ನು ಸ್ಫೂರ್ತಿ ಓದಿ ಹೇಳಿದಳು. ಮೊದಲಿನದು ಅಗಲ, ಎರಡನೆಯದು ಆ ಅಗಲಕ್ಕೆ ಟೈರಿನ ಗೋಡೆ ನೂರಕ್ಕೆ ಎಷ್ಟು ಎತ್ತರ ಎಂಬ ಲೆಕ್ಕ, ಕೊನೆಯದು ಚಕ್ರದ ಇಂಚು.

"ಇದು ಇನ್ನೂರಾ ಮೂವತ್ತೈದು, ಐವತ್ತು, ಹತ್ತೊಂಬತ್ತು. ಅಂದ್ರ ಗೋಡಿ ಬರೇ ನಾಲ್ಕೂವರಿ ಇಂಚು ತಾತಾ."

"ಅಷ್ಟರಾಗ ಗಾಳಿ ಎಲ್ಲಿ ನಿಂದ್ರಬೇಕು? ಗುಂಡಿ ಬಿದ್ರ ಏಟು ನೆಟ್ಟಗ ಸೀಟಿಗೇ ಬರ್ತತಿ." ಅವನು ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. "ಮಾಳಗಿ ಮ್ಯಾಲಿನ ಚಕ್ರ ಎಷ್ಟಿಂಚಿನವು?"

"ಹದಿನೇಳು."

"ಡ್ರಮ್ಮು ಇಳಸು ಅಂತ ನಿಮ್ಮವ್ವಗ ಹೇಳು."

ತಿಪ್ಪೇಶ್ ಬೈಕಿನಲ್ಲಿ ಮನೆಗೆ ಬಂದಾಗ ಮಾಳಿಗೆಯ ನಾಲ್ಕೂ ಚಕ್ರಗಳು ಅಂಗಳದಲ್ಲಿದ್ದವು. ಅಪ್ಪ ತೆಂಗಿನ ನಾರು ಹಿಡಿದು ಅವುಗಳನ್ನು ತಿಕ್ಕುತ್ತಿದ್ದ. ತಿಪ್ಪೇಶ್ ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ನೀರು ಸುರಿಯಲು ತಂಬಿಗೆ ತಗೊಂಡ.

"ಟೈರಿನ ಉಚ್ಚೆಂಗಪ್ಪ ಇನ್ನೂ ಅಂಗಡಿ ನಡಸ್ತಾನೇನು?" ಎಂದ ಉಜ್ಜಿನಪ್ಪ, ಮಗನ ಮುಖ ನೋಡದೆ.

"ನಡಸ್ತಾನ. ಬಳ್ಳಾರಿ ರಸ್ತ್ಯಾಗ. ಈಗ ದೊಡ್ಡ ಅಂಗಡಿ."

"ಗುರುವಾರ ಹೋಗಾಣ."

ಉಚ್ಚೆಂಗಪ್ಪನ ಅಂಗಡಿಯಲ್ಲಿ ಈಗ ಗಾಜಿನ ಬಾಗಿಲು, ಚಕ್ರ ನೆಟ್ಟಗೆ ಮಾಡುವ ಮಷೀನು, ಎಲ್ಲ ಇದ್ದವು. ಅವನು ಮಾತ್ರ ಹಳೆಯ ಮರದ ಸ್ಟೂಲಿನ ಮೇಲೆ ಕೂತಿದ್ದ. ಉಜ್ಜಿನಪ್ಪನನ್ನು ಕಂಡು ಎದ್ದು ಬಂದು ಎರಡೂ ಕೈ ಹಿಡಿದ.

"ಉಜ್ಜಿನಪ್ಪಣ್ಣಾ! ಜೀಪೆಲ್ಲಿ ಬಿಟ್ಟು ಬಂದೀ?"

"ಜೀಪು ಹರಾಜಾಗಿ ಇಪ್ಪತ್ತು ವರ್ಷಾತು. ನನ್ನ ಯಾರೂ ಹರಾಜು ಹಾಕಲಿಲ್ಲ, ಅದಕ್ಕ ಉಳದೀನಿ."

ಇಬ್ಬರೂ ನಕ್ಕರು. ಡ್ಯಾಂ ರಸ್ತೆಯ ಬೇವಿನ ಮರದ ಕೆಳಗೆ ಉಚ್ಚೆಂಗಪ್ಪ ಪಂಚರ್ ಹಾಕುತ್ತಿದ್ದ ಕಾಲದ ಮಾತು ಬಂತು. ಟ್ಯೂಬಿಗೆ ತೇಪೆ ಕಾಯಿಸುವ ವಾಸನೆ, ಕಾಯುವಷ್ಟು ಹೊತ್ತು ಎಂಜಿನಿಯರ್ ಸಾಹೇಬರು ಕಲ್ಲಿನ ಮೇಲೆ ಕೂತು ಪೇರಲ ತಿನ್ನುತ್ತಿದ್ದದ್ದು, ಕಾಲುವೆಗೆ ನೀರು ಬಿಟ್ಟ ದಿನ ಜೀಪಿನ ಹಿಂದೆ ಮಕ್ಕಳೆಲ್ಲ ಓಡುತ್ತಿದ್ದದ್ದು. ಆಗ ಸಂಡೂರಿನ ರಸ್ತೆಯಲ್ಲಿ ಅದಿರಿನ ಲಾರಿ ಎಣಿಸಿದರೆ ಹತ್ತು ಸಿಗುತ್ತಿರಲಿಲ್ಲ, ಎರಡು ಗುಡ್ಡಗಳ ನಡುವಿನ ಗಂಡಿ ದಾಟುವಾಗ ಎಂಜಿನ್ ಆರಿಸಿದರೆ ನವಿಲು ಕೂಗುವುದು ಕೇಳುತ್ತಿತ್ತು ಎಂದು ಉಜ್ಜಿನಪ್ಪ ಹೇಳಿದ. ತಿಪ್ಪೇಶ್ ಪಕ್ಕದಲ್ಲಿ ನಿಂತು ಕೇಳಿದ. ಜೀಪಿನ ಹಿಂದೆ ಓಡುತ್ತಿದ್ದ ಆ ಮಕ್ಕಳಲ್ಲಿ ಅವನೂ ಒಬ್ಬ.

"ಯಾವು ಹಾಕ್ಲಿ ತಿಪ್ಪೇಶಪ್ಪಾ?"

"ನಮ್ಮಪ್ಪ ಹೇಳಿದವು ಹಾಕ್ರಿ."

ಉಜ್ಜಿನಪ್ಪ ತಿರುಗಿ ಮಗನನ್ನು ನೋಡಿದ.

ಮೊದಲು ಎಲ್ಲಕ್ಕಿಂತ ದೊಡ್ಡದೊಂದು ಟೈರನ್ನು ಮನೆಯಿಂದ ತಂದ ಹದಿನೇಳಿಂಚಿನ ಚಕ್ರಕ್ಕೆ ಹಾಕಿ, ಗಾಡಿಯ ಮುಂದೆ ಜೋಡಿಸಿ ನೋಡಿದರು. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗೆ ಕರ್ ಎಂದು ಉಜ್ಜಿತು. "ಬ್ಯಾಡ," ಎಂದ ಉಜ್ಜಿನಪ್ಪ. ಅದಕ್ಕಿಂತ ಒಂದು ಅಳತೆ ಸಣ್ಣದಾದ, ಕಂಪನಿ ಕೊಟ್ಟದ್ದಕ್ಕಿಂತ ಒಂದು ಅಳತೆ ದೊಡ್ಡದಾದ ಟೈರು ಸರಿಹೋಯಿತು. ಎಡಕ್ಕೂ ಬಲಕ್ಕೂ ಎಲ್ಲಿಯೂ ತಾಗಲಿಲ್ಲ. ಸ್ಫೂರ್ತಿ ಫೋನಿನಲ್ಲಿ ಲೆಕ್ಕ ಹಾಕಿದಳು. ಗೋಡೆ ಆರೂವರೆ ಇಂಚು.

"ಮೀಟರಿನಾಗ ಅರವತ್ತು ಅಂದ್ರ ಖರೇ ಅರವತ್ತೆರಡು ಇರ್ತತಿ, ನೆನಪಿಟ್ಕೋ," ಎಂದ ಉಚ್ಚೆಂಗಪ್ಪ. "ಡೀಸಲ್ಲೂ ಒಂಚೂರು ಹೆಚ್ಚು ಕುಡೀತತಿ."

"ಕುಡೀಲಿ," ಎಂದ ತಿಪ್ಪೇಶ್.

ಕಪ್ಪು ಚಕ್ರಗಳನ್ನು ಉಚ್ಚೆಂಗಪ್ಪನೇ ಇಟ್ಟುಕೊಂಡ. ತಿಪ್ಪೇಶ್ ಅವುಗಳಲ್ಲೊಂದರ ಮೇಲೆ ಒಮ್ಮೆ ಕೈ ಆಡಿಸಿ, ಜೇಬಿಗೆ ಕೈ ಹಾಕಿಕೊಂಡ.

ವಾಪಸು ಬರುವಾಗ ಉಜ್ಜಿನಪ್ಪ ಹಿಂದಿನ ಸೀಟಿನಲ್ಲಿ, ಪಂಪಮ್ಮ ಕೂರುವ ಜಾಗದಲ್ಲಿ ಕೂತ. ಮನೆಗೆ ಬೇಡ, ಡ್ಯಾಂ ಕಡೆ ನಡಿ ಎಂದ. ಕಾಲುವೆಯ ಮಣ್ಣಿನ ದಾರಿಯಲ್ಲಿ ನಾಲ್ಕು ಕಿಲೋಮೀಟರು ಹೋದರು. ಒಂದು ಕಡೆ ಗಾಡಿ ನಿಲ್ಲಿಸಿ, ಬಾಗಿಲಿಗೆ ಅಂಟಿಸಿದ ಚೀಟಿ ನೋಡಿ ಗಾಳಿ ಎಷ್ಟಿದೆ ಎಂದು ಕೇಳಿದ. ಅಂಗಡಿಯಲ್ಲಿ ಎಂಟು ಪಾಯಿಂಟು ಹೆಚ್ಚು ತುಂಬಿದ್ದರು. ಇಳಿಸಿದ ಮೇಲೆ ಮತ್ತೊಮ್ಮೆ ಅದೇ ದಾರಿ. ಈ ಸಲ ಅವನು ಕಣ್ಣು ಮುಚ್ಚಿ ಕೂತಿದ್ದ.

"ಹೆಂಗೈತಪ್ಪಾ?"

"ಗುಂಡಿ ಗುಂಡೀನ. ಆದ್ರ ಎದಿಗೆ ಬಂದು ಹೊಡಿಯಂಗಿಲ್ಲ," ಎಂದವನು ಕಣ್ಣು ತೆರೆದು, "ಅವತ್ತು ನಾ ಹಂಗ ಅನಬಾರದಾಗಿತ್ತು," ಅಂದ.

ತಿಪ್ಪೇಶ್ ಗೇರು ಬದಲಿಸಿದ. "ನಾನೂ ನಿಧಾನ ಹೊಡೀಬೇಕಾಗಿತ್ತಪ್ಪಾ," ಎಂದ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೊರಡುವುದು ಎಂದಾಯಿತು. ಶೈಲಜಾ ಹೋಳಿಗೆ ಮಾಡಿ ಡಬ್ಬಿ ಕಟ್ಟಿದಳು. ಪಂಪಮ್ಮ ಏಳು ತಿಂಗಳ ಮೇಲೆ ಇಳಕಲ್ ಸೀರೆ ಉಟ್ಟು ಸ್ಫೂರ್ತಿಯ ಕೈ ಹಿಡಿದು ಹೊರಗೆ ಬಂದಳು. ಗಾಡಿಯ ಬಾಗಿಲು ತೆಗೆದರು. ಅವಳು ಕಾಲೆತ್ತಿದಳು. ಕಾಲು ಅಷ್ಟೆತ್ತರಕ್ಕೆ ಹೋಗಲಿಲ್ಲ. ಮತ್ತೊಮ್ಮೆ ಎತ್ತಿದಾಗ ಬೆನ್ನು ಹಿಡಿದು "ಅಯ್ಯಯ್ಯೋ" ಎಂದು ನಿಂತುಬಿಟ್ಟಳು.

ಟೈರು ಎತ್ತರವಾದಷ್ಟು ಗಾಡಿಯೂ ಒಂದಿಂಚು ಎತ್ತರವಾಗಿತ್ತು. ಕೂತ ಮೇಲಿನದನ್ನೆಲ್ಲ ಲೆಕ್ಕ ಹಾಕಿದ್ದರು; ಹತ್ತುವುದನ್ನು ಯಾರೂ ಯೋಚಿಸಿರಲಿಲ್ಲ.

"ನಾ ಎತ್ತಿ ಕುಂದ್ರಿಸ್ತೀನಿ," ಎಂದು ತಿಪ್ಪೇಶ್ ಮುಂದೆ ಬಂದ.

"ಮುಟ್ಟಬ್ಯಾಡ! ಹಿಡಿದು ಎತ್ತಿದ್ರ ಇನ್ನೊಂದು ಮಣಿ ಹೋದೀತು," ಎಂದ ಉಜ್ಜಿನಪ್ಪ. ಸ್ಫೂರ್ತಿ ಸ್ಟೂಲು ತಂದಳು. ಅದು ಅಲುಗಾಡಿತು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಪಂಪಮ್ಮನ ಕಣ್ಣು ತುಂಬಿತು. "ಬಿಡ್ರಿ. ನನ್ನ ಹಣ್ಯಾಗ ಇಲ್ಲ. ಹೋಳಿಗಿ ನೀವು ಕೊಟ್ಟು ಬರ್ರಿ."

ಶೈಲಜಾ ಒಬ್ಬಳೇ ಮಾತಾಡದೆ ಮನೆಯ ಮುಂದಿನ ಕಟ್ಟೆಯನ್ನು ನೋಡುತ್ತಿದ್ದಳು.

"ಏನ್ರೀ," ಎಂದು ಗಂಡನನ್ನು ಕರೆದಳು. "ಗಾಡಿ ತಂದು ಕಟ್ಟಿಗೆ ಹಚ್ಚಿ ನಿಲ್ಲಿಸ್ರಿ. ಅತ್ತಿ ಕಟ್ಟಿ ಮ್ಯಾಲಿಂದ ಸೀದಾ ಒಳಗ ಕುಂದರ್ತಾರ. ಹತ್ತದು ಯಾಕ ಬೇಕು?"

ತಿಪ್ಪೇಶ್ ಗಾಡಿಯನ್ನು ಒಂದು ಗೇಣು ಮುಂದೆ, ಒಂದು ಗೇಣು ಹಿಂದೆ ಮಾಡಿ ಕಟ್ಟೆಗೆ ತಾಗಿಸಿ ನಿಲ್ಲಿಸಿದ. ಮನೆಯೊಳಗಿನಿಂದ ಕಟ್ಟೆಗೆ ಬಂದ ಪಂಪಮ್ಮ, ದೇವರ ಕೋಣೆಯ ಹೊಸ್ತಿಲು ದಾಟುವ ಹಾಗೆ ಗಾಡಿಯೊಳಗೆ ಹೆಜ್ಜೆಯಿಟ್ಟು ಕೂತಳು. ಕಣ್ಣು ಒರೆಸಿಕೊಂಡು, "ಶೈಲಿ, ನೀನೂ ಬಾ. ಅಲ್ಲಿ ಇಳಸಾಕ ಇವರಿಗೆ ತಿಳಿಯಂಗಿಲ್ಲ," ಅಂದಳು.

ದಾರಿಯುದ್ದಕ್ಕೂ ಕೆಂಪು ಧೂಳು. ಲಾರಿಗಳು ಸಾಲಾಗಿ ಬರುತ್ತಿದ್ದವು. ತಿಪ್ಪೇಶ್ ನಲವತ್ತರ ಮೇಲೆ ಹೋಗಲಿಲ್ಲ. ಪ್ರತಿ ಗುಂಡಿಗೂ ಕನ್ನಡಿಯಲ್ಲಿ ಅವ್ವನ ಮುಖ ನೋಡುತ್ತಿದ್ದ. ಗುಡ್ಡದ ಗಂಡಿಯ ಹತ್ತಿರ ಅವಳು, "ನನ್ನ ಮಾರಿ ಏನು ನೋಡ್ತೀ, ರಸ್ತಿ ನೋಡು," ಅಂದಾಗ ಎಲ್ಲರೂ ನಕ್ಕರು. ನಾರಿಹಳ್ಳದ ನೀರು ಕಂಡಿತು. ಆಮೇಲೆ ಸಂಡೂರು.

ಅನ್ನಪೂರ್ಣ ಬಾಗಿಲಲ್ಲೇ ಕಾಯುತ್ತಿದ್ದಳು. ಶೈಲಜಾ ಪಕ್ಕದ ಮನೆಯ ಎತ್ತರದ ಮೆಟ್ಟಿಲು ಹುಡುಕಿ ಗಾಡಿ ಹಚ್ಚಿಸಿ ಅತ್ತೆಯನ್ನು ಇಳಿಸಿದಳು.

ತಾಯಕ್ಕ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ಮೊದಲು ಒಳಗೆ ಬಂದ ತಿಪ್ಪೇಶನನ್ನು ಕಂಡ ಕೂಡಲೇ ಅವಳ ಮುಖ ಅರಳಿತು.

"ತಿಪ್ಪಣ್ಣ! ಬಾ ಯಪ್ಪಾ, ಕುಂದ್ರು. ಉಂಡಿಯೇನು?" ಚಿಕ್ಕಂದಿನಲ್ಲಿ ಅವ್ವನಿಗೆ ಕಾಯಿಲೆಯಾಗಿದ್ದಾಗ ತಿಪ್ಪೇಶ್ ಮೂರು ವರ್ಷ ಈ ಮನೆಯಲ್ಲಿದ್ದು ಶಾಲೆಗೆ ಹೋಗಿದ್ದ. ಈಗಲೂ ಮೋಟರು ಕೊಡಲು ಸಂಡೂರಿಗೆ ಬಂದಾಗಲೆಲ್ಲ ಬಂದು ಹೋಗುತ್ತಿದ್ದ.

ಪಂಪಮ್ಮ ಗೋಡೆ ಹಿಡಿದು ಬಂದು ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂತಳು. ತಾಯಕ್ಕ ಆಕೆಯನ್ನು ನೋಡಿ ಮರ್ಯಾದೆಯಿಂದ ತಲೆಯಾಡಿಸಿ, ಮತ್ತೆ ತಿಪ್ಪೇಶನ ಕಡೆ ತಿರುಗಿದಳು.

"ನಿಮ್ಮವ್ವ ಬರಲಿಲ್ಲೇನು?"

ಏಳು ತಿಂಗಳಲ್ಲಿ ಪಂಪಮ್ಮ ಅರ್ಧ ಇಳಿದಿದ್ದಳು, ಬೆನ್ನು ಬಾಗಿತ್ತು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಿಪ್ಪೇಶ್ "ದೊಡ್ಡವ್ವಾ, ಇಲ್ನೋಡು…" ಎಂದು ಬಾಯಿ ತೆರೆದ. ಪಂಪಮ್ಮ ಕೈಯೆತ್ತಿ ಅವನನ್ನು ಸುಮ್ಮನಿರಿಸಿದಳು.

"ಬರ್ತಾಳ್ರಿ," ಎಂದಳು ಅಕ್ಕನಿಗೆ. "ಬೆನ್ನು ನೋವಿತ್ತು, ಈಗ ಆರಾಮ ಅದಾಳ. ನೋಡಿ ಬಾ ಅಂತ ನನ್ನ ಕಳಿಸ್ಯಾಳ."

"ಹೌದೇನು? ನಿಮಗ ನಮ್ಮ ಪಂಪಿ ಗೊತ್ತೇನು?"

"ಗೊತ್ತು."

ತಾಯಕ್ಕ ಚಾಪೆಯ ಮೇಲೆ ಹತ್ತಿರ ಸರಿದಳು. "ಭಾಳ ಹಟದಾಕಿ. ಕಂಪ್ಲ್ಯಾಗ ನಮ್ಮ ಮನಿ ಹೊಳಿ ದಂಡಿಗೇ ಇತ್ತು. ಆಚಿ ದಂಡಿ ಗದ್ದಿಗೆ ಹೋಗಬೇಕಂದ್ರ ಹರಗೋಲು. ಅದು ಗರಗರ ತಿರುಗಿದ್ರ ಅಂಜಿ ನನ್ನ ಸೊಂಟ ತಬ್ಬತಿದ್ಲು. ಇಳಿದ ಮ್ಯಾಲೆ 'ನಾ ಅಂಜಲಿಲ್ಲ' ಅಂತಿದ್ಲು!" ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. "ನನ್ನ ಮದುವ್ಯಾಗ ಅಕಿಗೆ ಹತ್ತು ವರ್ಷ. ನನ್ನ ಕಳಿಸುವಾಗ ಬಂಡಿ ಗಾಲಿ ಹಿಡಕೊಂಡು ನಿಂತುಬಿಟ್ಲು, ಬಿಡವಲ್ಲಳು. ಅವ್ವ ಹೊಡದು ಬಿಡಿಸಿದ್ಲು. ಈ ಊರಿಗೆ ಬಂದು ಎಷ್ಟೋ ದಿನ ನನಗ ತುತ್ತು ಇಳೀಲಿಲ್ಲರಿ. ಅಕಿ ಉಂಡಾಳೋ ಇಲ್ಲೋ ಅನ್ನಿಸ್ತಿತ್ತು. ಇದನ್ನ ಅಕಿ ಮುಂದ ಹೇಳಬ್ಯಾಡ್ರಿ, ಮತ್ತ ಅಳ್ತಾಳ."

"ಹೇಳಂಗಿಲ್ಲ," ಎಂದಳು ಪಂಪಮ್ಮ. ಅವಳ ಕೆನ್ನೆ ಒದ್ದೆಯಾಗಿತ್ತು. ಶೈಲಜಾ ಅಡುಗೆಮನೆಗೆ ಎದ್ದುಹೋದಳು. ಉಜ್ಜಿನಪ್ಪ ಬಾಗಿಲಲ್ಲಿ ನಿಂತು ಹೊರಗೆ ನೋಡುತ್ತಿದ್ದ.

ಮಧ್ಯಾಹ್ನ ಎಲ್ಲರೂ ಕೂಡಿ ಉಂಡರು. ತಾಯಕ್ಕ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡು, ತಾಟಿನಿಂದ ಒಂದು ತುಂಡು ಮುರಿದು ಪಂಪಮ್ಮನ ತಾಟಿಗಿಟ್ಟಳು. "ನೀವು ಸೊರಗೀರಿ, ಉಣ್ಣ್ರಿ," ಎಂದಳು. ಪಂಪಮ್ಮ ಅದನ್ನು ಪೂರ್ತಿ ತಿಂದಳು. ಅಂಥ ಊಟ ಅವಳು ಮಾಡಿ ಬಹಳ ದಿನವಾಗಿತ್ತು.

ಹೊರಡುವಾಗ ಅನ್ನಪೂರ್ಣ ಉಡಿ ತುಂಬಲು ತಾಟು ತಂದಳು. ರವಿಕೆ ಬಟ್ಟೆಯ ಕಣ, ಎಲೆ ಅಡಿಕೆ, ಬಟ್ಟಲು ಕೊಬ್ಬರಿ. ತಾಯಕ್ಕ ತಾಟಿನ ಕಡೆ ನೋಡಿ ತಲೆಯಾಡಿಸಿದಳು. "ಒಂದ ಕಣ ತಂದೀಯಲ್ಲ ಹುಡುಗೀ. ಎರಡು ತಾ." ಎರಡನೆಯದು ಬಂದ ಮೇಲೆ ಒಂದನ್ನು ಪಂಪಮ್ಮನ ಉಡಿಗೆ ಹಾಕಿಸಿದಳು. ಇನ್ನೊಂದನ್ನು, ಹಸಿರು ಕಣವನ್ನು, ತಾನೇ ಮಡಚಿ ಅವಳ ಕೈಗಿಟ್ಟು ಬೆರಳು ಮುಚ್ಚಿಸಿದಳು.

"ಇದು ನಮ್ಮ ಪಂಪಿಗೆ. ಮರೀದಂಗ ಮುಟ್ಟಿಸ್ರಿ. ಮುಂದಿನ ವಾರ ಅಕೀನೂ ಕರಕೊಂಡು ಬರ್ರಿ."

"ಕರಕೊಂಡು ಬರ್ತೀನಿ," ಎಂದಳು ಪಂಪಮ್ಮ.

ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ತಿಪ್ಪೇಶ್ ಗಾಡಿಯನ್ನು ಕಟ್ಟೆಗೆ ಹಚ್ಚಿದ. ಇಳಿದ ಅವ್ವ ಮಂಚಕ್ಕೆ ಹೋಗದೆ ಪಡಸಾಲೆಯಲ್ಲೇ ಕೂತಳು. ಶೈಲಜಾ ಅತ್ತೆಯ ಉಡಿಯಲ್ಲಿದ್ದುದನ್ನೆಲ್ಲ ತೆಗೆದು ಮೊರದಲ್ಲಿಟ್ಟಳು. ಎಲೆ ಅಡಿಕೆ ಒಂದು ಕಡೆ, ಕೊಬ್ಬರಿ ಒಂದು ಕಡೆ. ಎರಡೂ ಕಣ ಕೈಯಲ್ಲಿ ಹಿಡಿದು, ಕೇಳಬೇಕೋ ಬೇಡವೋ ಎಂದು ನಿಂತಳು.

"ಅತ್ತಿ, ಇವನ್ನ ಬ್ಯಾರೆ ಬ್ಯಾರೆ ಇಡ್ಲೇನು?"

ಪಂಪಮ್ಮ ಕೈ ಚಾಚಿದಳು.

"ಯಾಕ? ತಾ ಇಲ್ಲಿ. ಎರಡೂ ನನ್ನವ."